ನೀರು ಜಾರುತ್ತೆ, ಎಣ್ಣೆ ಅಂಟುತ್ತೆ: ನ್ಯಾನೋ ಲೇಪನ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

"ಕೋಟಿಂಗ್ ಹೋಯ್ತು ಸಾರ್, ಬಂದು ಇನ್ನೊಂದ್ ಕೈ ಹೊಡೀರಿ." ದಾವಣಗೆರೆಯ ಹೋಟೆಲಿನವರಾಗಲಿ, ಮಿರ್ಚಿ ಗಾಡಿಯವರಾಗಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನವರಾಗಲಿ, ಫೋನ್ ಮಾಡಿದರೆ ಮೊದಲ ಮಾತು ಇದೇ. ಹೋಗಿ ನೋಡಿದರೆ ಬಹಳ ಸಲ ಕೋಟಿಂಗ್ ಎಲ್ಲೂ ಹೋಗಿರುವುದಿಲ್ಲ. ಅದರ ಮೇಲೆ ಇನ್ನೇನೋ ಬಂದು ಕೂತಿರುತ್ತದೆ. ನೋಡದೆ ಹೊಸದಾಗಿ ಹೊಡೆದರೆ ಆ ಕೊಳೆಯ ಮೇಲೇ ಹೊಡೆದಂತೆ. ಸ್ವಲ್ಪ ದಿನಕ್ಕೆ ಹೊಸದೂ ಕೊಳೆಯೂ ಒಟ್ಟಿಗೇ ಸಿಪ್ಪೆ ಎದ್ದು ಬರುತ್ತವೆ, ದುಡ್ಡು ದಂಡ.

ಟೈಲ್ಸ್, ಗಾಜು, ತಗಡು, ಏಪ್ರನ್, ಟಾರ್ಪಾಲು ಇವಕ್ಕೆಲ್ಲ ಹಚ್ಚುವ, ನೀರು ಎಣ್ಣೆ ಎರಡನ್ನೂ ದೂರ ಇಡುವ ಲೇಪನದ ಬಗ್ಗೆ ಇಲ್ಲಿ ಬರೆದಿದ್ದೇನೆ. ನಿಮ್ಮ ಕಣ್ಣಿಗೆ ಬೀಳುವ ಲಕ್ಷಣದಿಂದ ಶುರು ಮಾಡಿ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ.

ಹುಡುಕುವ ಮುಂಚೆ: ಒಳಗೆ ಏನಿದೆ

ಈ ಲೇಪನದಲ್ಲಿ ಮೂರು ಕೆಲಸಗಾರರಿದ್ದಾರೆ ಅಂದುಕೊಳ್ಳಿ. ಮೊದಲನೆಯದು ಕಣಗಳು, ಸಾಮಾನ್ಯವಾಗಿ ಸಿಲಿಕಾ ಅಥವಾ ಟೈಟಾನಿಯಂ ಡೈಆಕ್ಸೈಡ್. ಅವು ಕಣ್ಣಿಗೆ ಕಾಣದ ಗುಡ್ಡಬೆಟ್ಟಗಳನ್ನು ಎಬ್ಬಿಸಿ ಸಂದುಗಳಲ್ಲಿ ಗಾಳಿ ಹಿಡಿದಿಡುತ್ತವೆ. ಎರಡನೆಯದು ಆ ಕಣಗಳ ಮೈಗೆ ಅಂಟಿರುವ ಫ್ಲೋರಿನ್‌ಯುಕ್ತ ಸಿಲೇನ್ ಎಂಬ ತೆಳು ತೊಗಲು. ಎಣ್ಣೆಯನ್ನು ಒಲ್ಲೆ ಅನ್ನುವುದು ಇದು. ಮೂರನೆಯದು ಕೆಳಗಿನ ಅಂಟು. ಒರೆಸಿದರೂ ಉಜ್ಜಿದರೂ ಕಣ ಉದುರದಂತೆ ಹಿಡಿದಿಡುವುದು ಅದರ ಕೆಲಸ. ಬಾಳಿಕೆ ಎಂಬುದು ಬಹುಪಾಲು ಈ ಅಂಟಿನ ಮಾತು.

ಗಾಳಿ ಹೋದರೆ ಒಂದು ಲಕ್ಷಣ, ತೊಗಲು ಹೋದರೆ ಇನ್ನೊಂದು, ಅಂಟು ಬಿಟ್ಟರೆ ಮತ್ತೊಂದು. ಮೂರೂ ಸರಿಯಿದ್ದು ಮೇಲೆ ಜಿಡ್ಡು ಕೂತಿದ್ದರೆ ಆ ಲಕ್ಷಣವೇ ಬೇರೆ.

ಬೇಕಾಗುವ ಸಾಮಾನು: ಒಂದು ಡ್ರಾಪರ್, ಶುದ್ಧ ನೀರು (ಬೋರ್ ನೀರು ಬೇಡ, ಫಿಲ್ಟರ್ ನೀರಾದರೂ ಆದೀತು), ಎರಡು ಚಮಚ ಶೇಂಗಾ ಎಣ್ಣೆ, ಮೆತ್ತನೆ ಬಟ್ಟೆ, ಹೇರ್ ಡ್ರೈಯರ್, ಸೆಲ್ಲೋ ಟೇಪ್. ಎಲ್ಲ ಪರೀಕ್ಷೆಯನ್ನೂ ಎರಡು ಜಾಗದಲ್ಲಿ ಮಾಡಿ. ಒಂದು ಕೆಟ್ಟ ಜಾಗ, ಇನ್ನೊಂದು ಯಾರ ಕೈಯೂ ಹೋಗದ ಮೂಲೆ: ಫ್ರಿಜ್ ಹಿಂದಿನ ಟೈಲ್ಸ್, ಗಾಜಿನ ಮೇಲಂಚು, ಏಪ್ರನ್ನಿನ ಒಳಮಡಿಕೆ. ಆ ಮೂಲೆಯೇ ನಿಮ್ಮ ಸಾಕ್ಷಿ.

ಹನಿ ಬಿಟ್ಟು ಎರಡು ವಿಷಯ ನೋಡಿ: ಎಷ್ಟು ಗುಂಡಗೆ ನಿಂತಿತು, ವಾಲಿಸಿದರೆ ಉರುಳಿತೋ ಇಲ್ಲವೋ. ಈ ಎರಡು ಬೇರೆ ಬೇರೆ ಪ್ರಶ್ನೆ. ಜನ ಮೊದಲನೆಯದನ್ನು ಮಾತ್ರ ನೋಡಿ ತೀರ್ಪು ಕೊಡುತ್ತಾರೆ.

ಲಕ್ಷಣ: ನೀರು ಉರುಳುತ್ತದೆ, ಎಣ್ಣೆ ಮಾತ್ರ ಹರಡುತ್ತದೆ

ನನಗೆ ಬರುವ ದೂರುಗಳಲ್ಲಿ ತಲೆ ತಿನ್ನುವುದು ಇದೇ.

ಹಿತ್ತಲಲ್ಲಿ ಕೆಸುವಿದ್ದರೆ ಒಂದು ಎಲೆ ಕಿತ್ತು ತನ್ನಿ. ನೀರು ಬಿಟ್ಟರೆ ಪಾದರಸದ ಹಾಗೆ ಓಡಾಡುತ್ತದೆ. ಅದೇ ಎಲೆಗೆ ಶೇಂಗಾ ಎಣ್ಣೆಯ ಒಂದು ಹನಿ ಬಿಡಿ. ಹನಿ ಕೂತಲ್ಲೇ ಚಪ್ಪಟೆಯಾಗಿ ಹರಡುತ್ತದೆ, ಎಲೆಯ ಬೂದುಹಸಿರು ಅಲ್ಲಿ ಕಪ್ಪುಹಸಿರಾಗುತ್ತದೆ. ಈಗ ಆ ಕಪ್ಪು ಕಲೆಯ ಮೇಲೆ ನೀರು ಬಿಟ್ಟು ನೋಡಿ, ಅದೂ ಅಂಟುತ್ತದೆ. ಕೆಸುವಿನ ಎಲೆಗೂ ತಾವರೆ ಎಲೆಗೂ ಗುಡ್ಡಬೆಟ್ಟ ಇದೆ, ಮೇಣವಿದೆ, ಫ್ಲೋರಿನ್ ಇಲ್ಲ. ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಅಡುಗೆ ಎಣ್ಣೆಯದು ಅದರ ಅರ್ಧಕ್ಕೂ ಕಡಿಮೆ, 30ರ ಆಸುಪಾಸು. ಸೆಳೆತ ಕಡಿಮೆಯಾದಷ್ಟೂ ದ್ರವ ಸಿಕ್ಕಿದ್ದರ ಮೇಲೆ ಹರಡಿಕೊಳ್ಳುತ್ತದೆ. ಹಾಗಾಗಿ ನೀರಿಗೆ ಮೇಣ ಸಾಕು, ಸಿಲಿಕೋನ್ ಸಾಕು. ಎಣ್ಣೆಗೆ ಎರಡೂ ಸಾಲದು.

ಈಗ ನಿಮ್ಮ ಸಾಕ್ಷಿ ಮೂಲೆಗೆ ಎಣ್ಣೆ ಹನಿ ಬಿಡಿ.

ಅಲ್ಲಿಯೂ ಎಣ್ಣೆ ಹರಡಿದರೆ ನಿಮಗೆ ಹಚ್ಚಿದ್ದು ಎಣ್ಣೆ ತಡೆಯುವ ಲೇಪನವೇ ಅಲ್ಲ. ನನಗೇ ಒಮ್ಮೆ ಹೀಗಾಯಿತು. ಡಬ್ಬಿ ಮೇಲೆ ‘ನೀರು, ಎಣ್ಣೆ ಎರಡಕ್ಕೂ’ ಅಂತ ದೊಡ್ಡಕ್ಷರ. ಒಬ್ಬ ಸರಬರಾಜುದಾರನ ಮಾತು ನಂಬಿ, ನೀರು ಚಿಮುಕಿಸಿ ನೋಡಿ ಖುಷಿಪಟ್ಟು, ಬೆಣ್ಣೆ ದೋಸೆ ಹೋಟೆಲೊಂದರ ಒಲೆ ಹಿಂದಿನ ಗೋಡೆಗೆ ಪೂರ್ತಿ ಹೊಡೆದೆ. ಮೂರನೇ ದಿನ ಕರಗಿದ ಬೆಣ್ಣೆ ಗೋಡೆಯ ತುಂಬ ಹಳದಿ ಮೀಸೆ ಬಿಟ್ಟಿತ್ತು. ಡಬ್ಬಿಯಲ್ಲಿದ್ದದ್ದು ಬರೀ ಸಿಲಿಕೋನ್. ಅಂದಿನಿಂದ ಹೊಸ ಡಬ್ಬಿ ತಂದರೆ ಮೊದಲು ಒಂದು ಟೈಲ್ಸ್ ಚೂರಿಗೆ ಹಚ್ಚಿ ಎಣ್ಣೆಯಲ್ಲೇ ಪರೀಕ್ಷೆ, ನೀರು ಆಮೇಲೆ.

ಮೂಲೆಯಲ್ಲಿ ಎಣ್ಣೆ ಗುಂಡಗೆ ನಿಂತು, ಬಳಕೆಯ ಜಾಗದಲ್ಲಿ ಮಾತ್ರ ಹರಡಿದರೆ ಲೇಪನ ಸರಿಯಾದದ್ದೇ, ಆಮೇಲೆ ಏನೋ ಆಗಿದೆ. ಮೊದಲ ಅನುಮಾನ ಪಾಲಿಶ್ ಮೇಲಿರಲಿ. ಹೊಳಪು ಬರಲಿ ಅಂತ ಹುಡುಗರು ಕಾರಿನ ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕೋನ್ ಪಾಲಿಶನ್ನು ಗಾಜಿಗೂ ತಿಕ್ಕಿರುತ್ತಾರೆ. ಅದು ಲೇಪನದ ಮೇಲೆ ಇನ್ನೊಂದು ತೊಗಲಾಗಿ ಕೂತು, ನೀರನ್ನು ಮಣಿ ಕಟ್ಟಿಸುತ್ತಲೇ ಇರುತ್ತದೆ, ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸಣ್ಣ ಜಾಗದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜದೆ ಎರಡು ಮೂರು ಸಲ ಒತ್ತಿ ತೆಗೆಯಿರಿ. ಒಲೆ ಆರಿಸಿ, ಬಾಗಿಲು ತೆರೆದು. ಆರಿದ ಮೇಲೆ ಎಣ್ಣೆ ಗುಂಡಗೆ ನಿಂತರೆ ಕಳ್ಳ ಸಿಕ್ಕಿದ.

ಅದಕ್ಕೂ ಬಗ್ಗದಿದ್ದರೆ ಫ್ಲೋರಿನ್ ತೊಗಲೇ ಸವೆದಿದೆ. ಇದಕ್ಕೆ ಮನೆಮದ್ದಿಲ್ಲ. ಒಂದು ಮಾತು ತಿಳಿದಿರಲಿ: ಎಂಟು ಇಂಗಾಲದ ಉದ್ದ ಸರಪಳಿಯ ಹಳೇ ಫ್ಲೋರಿನ್ ರಸಾಯನಗಳು ಎಣ್ಣೆಗೆ ಬಹಳ ಗಟ್ಟಿಯಾಗಿದ್ದವು. ಆದರೆ ಅವುಗಳಿಂದ ಉಳಿಯುವ ಪಿಎಫ್‌ಒಎ ಎಂಬ ವಸ್ತು ಮಣ್ಣಲ್ಲೂ ಮೈಯಲ್ಲೂ ನಾಶವಾಗದೆ ಕೂರುತ್ತದೆ ಎಂದು 2019ರಲ್ಲಿ ಸ್ಟಾಕ್‌ಹೋಮ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಈಗ ಬರುವ ಆರು ಇಂಗಾಲದವು ಎಣ್ಣೆ ತಡೆಯುವುದರಲ್ಲಿ ಒಂದು ಕೈ ಕಡಿಮೆಯೇ. "ಮೊದಲಿನಷ್ಟು ಇಲ್ಲ" ಅನ್ನುವ ದೂರಿನಲ್ಲಿ ನಿಜವಿದೆ.

ಇನ್ನೊಂದು ಗೊಂದಲ. 2015ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಟೈಟಾನಿಯಂ ಡೈಆಕ್ಸೈಡ್ ಕಣಗಳಿಗೆ ಫ್ಲೋರಿನ್ ಸಿಲೇನ್ ತೊಡಿಸಿ, ಅಂಗಡಿಯಲ್ಲಿ ಸಿಗುವ ಅಂಟುಗಳ ಮೇಲೆ ಕೂರಿಸಿ, ಚಾಕುವಿನಿಂದ ಗೀರಿ, ಮರಳು ಕಾಗದದಿಂದ ತಿಕ್ಕಿ ತೋರಿಸಿದ್ದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದನ್ನು ತೋರಿಸಿ "ಇದಕ್ಕೆ ಎಣ್ಣೆ ಅಂಟಲ್ಲ" ಎಂದು ಮಾರುವವರಿದ್ದಾರೆ. ಆ ವಿಜ್ಞಾನಿಗಳು ತೋರಿಸಿದ್ದು ಬೇರೆ: ಎಣ್ಣೆ ಒಳಹೊಕ್ಕರೂ ಆ ಮೇಲ್ಮೈ ನೀರನ್ನು ಜಾರಿಸುತ್ತದೆ, ಧೂಳು ತೊಳೆದುಕೊಳ್ಳುತ್ತದೆ ಎಂಬುದು. ಎಣ್ಣೆ ತಾಗಿದರೂ ಕೆಲಸ ಮಾಡುವುದು ಬೇರೆ, ಎಣ್ಣೆಯನ್ನೇ ತಾಗಗೊಡದಿರುವುದು ಬೇರೆ. ಕೊಳ್ಳುವಾಗ ಯಾವುದು ಅಂತ ಬಾಯಿಬಿಟ್ಟು ಕೇಳಿ.

ಲಕ್ಷಣ: ಮೊನ್ನೆವರೆಗೂ ಸರಿಯಿತ್ತು, ಈಗ ನೀರೂ ಅಂಟುತ್ತದೆ, ಎಣ್ಣೆಯೂ ಅಂಟುತ್ತದೆ

ಹೆದರಬೇಡಿ. ಹತ್ತರಲ್ಲಿ ಏಳೆಂಟು ಸಲ ಇದು ಸೋಪು ಅಥವಾ ಹೊಗೆಜಿಡ್ಡು ಎಂಬುದು ನನ್ನ ಕೈಯ ಲೆಕ್ಕ.

ಸೋಪು ನೀರಿನ ಸೆಳೆತವನ್ನು ಎಣ್ಣೆಯ ಮಟ್ಟಕ್ಕೆ ಇಳಿಸಿಬಿಡುತ್ತದೆ, ಅದರ ಕಸುಬೇ ಅದು. ತೊಳೆದು ಸರಿಯಾಗಿ ಜಾಲಿಸದೆ ಬಿಟ್ಟರೆ ಮೇಲೆ ಸೋಪಿನ ಪೊರೆ ಒಣಗಿ ಕೂರುತ್ತದೆ. ಮುಂದೆ ಬೀಳುವ ಪ್ರತಿ ಹನಿಯೂ ಅದನ್ನು ಕರಗಿಸಿಕೊಂಡು ಒಳಗಿಳಿಯುತ್ತದೆ. ಮಂಡಕ್ಕಿ ಭಟ್ಟಿಗಳ ಸುತ್ತಮುತ್ತಲಿನ ಮನೆ ಅಂಗಡಿಗಳಲ್ಲಿ ಕಳ್ಳ ಬೇರೆ: ಮಸಿ. ಬಟ್ಟೆಯಿಂದ ಒರೆಸಿ, ಬಟ್ಟೆ ಕಪ್ಪಾಯಿತೋ ನೋಡಿ. ಹೊಗೆಯ ಡಾಂಬರಿನಂಥ ಜಿಡ್ಡು ಜೊತೆಗಿದ್ದರೆ ಅದು ಸಂದುಗಳನ್ನು ತುಂಬಿಬಿಡುತ್ತದೆ. (ತಮಾಷೆಯೆಂದರೆ, 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಂಥದೇ ಲೇಪನ ಮಾಡಲು ಮೇಣದಬತ್ತಿಯ ಮಸಿಯನ್ನೇ ಅಚ್ಚಾಗಿ ಬಳಸಿದ್ದರು. ಮಸಿಯ ಮೇಲೆ ಸಿಲಿಕಾ ಹೊದಿಸಿ, ಮಸಿಯನ್ನು ಸುಟ್ಟು ತೆಗೆದು, ಉಳಿದ ಟೊಳ್ಳಿಗೆ ಫ್ಲೋರಿನ್ ಸಿಲೇನ್ ತೊಡಿಸಿದರು. ನಮ್ಮಲ್ಲಿ ಅದೇ ಮಸಿ ಶತ್ರು.)

ತೊಳೆಯುವ ಕ್ರಮ: ಉಗುರುಬೆಚ್ಚನೆ ನೀರು, ಬಕೆಟ್ಟಿಗೆ ಐದಾರು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬಟ್ಟೆ, ಒಂದೇ ದಿಕ್ಕಿಗೆ ಒರೆಸು. ಆಮೇಲೆ ಬರೀ ನೀರು, ಕಮ್ಮಿಯೆಂದರೆ ಮೂರು ಸಲ. ಕೊನೇ ಸಲದ ನೀರು ಫಿಲ್ಟರಿನದಾಗಿರಲಿ. ಪೂರ್ತಿ ಒಣಗಿಸಿ, ಹೇರ್ ಡ್ರೈಯರ್ ಒಂದು ಗೇಣು ದೂರ ಹಿಡಿದು ಎರಡು ನಿಮಿಷ ಬೆಚ್ಚಗೆ ಮಾಡಿ, ತಣ್ಣಗಾದ ಮೇಲೆ ಹನಿ ಬಿಡಿ.

ಹಸಿರು ಸ್ಕ್ರಬ್ಬರ್, ಸಬೀನಾ ಪುಡಿ, ತಂತಿ ಬ್ರಶ್ ಹತ್ತಿರ ತರಬೇಡಿ. ಅದಕ್ಕಿಂತ ಕೆಟ್ಟದ್ದು ವಾಷಿಂಗ್ ಸೋಡಾ ಮತ್ತು ಕಾಸ್ಟಿಕ್. ಸಿಲೇನ್ ಕಣಕ್ಕೆ ಅಂಟಿಕೊಂಡ ಬೆಸುಗೆಯನ್ನು ಗಟ್ಟಿ ಕ್ಷಾರ ಕಡಿದುಹಾಕುತ್ತದೆ. ಹೋಟೆಲಿನವರು ಜಿಡ್ಡಿಗೆ ಸೋಡಾ ಹಾಕುವುದು ರೂಢಿ, ಅದೊಂದನ್ನು ಬಿಡಿಸುವುದೇ ನನ್ನ ಅರ್ಧ ಕೆಲಸ.

ಏಪ್ರನ್, ಟೇಬಲ್ ಬಟ್ಟೆಯಾದರೆ ಇನ್ನೊಂದು ಉಪಾಯವಿದೆ. ಫ್ಲೋರಿನ್ ಸರಪಳಿಗಳು ಒಗೆತದಲ್ಲಿ ಒಳಮುಖವಾಗಿ ಮಲಗಿಬಿಡುತ್ತವೆ, ಶಾಖ ಕೊಟ್ಟರೆ ಮತ್ತೆ ತಲೆ ಎತ್ತುತ್ತವೆ. ಚೆನ್ನಾಗಿ ಜಾಲಿಸಿ ಒಣಗಿಸಿ, ಮೇಲೊಂದು ಹತ್ತಿ ಬಟ್ಟೆ ಹಾಕಿ, ಕೆಳಗಿನ ಲೇಪಿತ ಬಟ್ಟೆ ತಾಳುವಷ್ಟು ಹದವಾದ ಇಸ್ತ್ರಿ ಮಾಡಿ. ಸತ್ತಿತು ಅಂದುಕೊಂಡ ಏಪ್ರನ್ ಇಸ್ತ್ರಿಯಾದ ಮೇಲೆ ಎಣ್ಣೆ ಹನಿಯನ್ನು ಮಣಿಯ ಹಾಗೆ ಎತ್ತಿ ಹಿಡಿದದ್ದನ್ನು ನೋಡಿದ್ದೇನೆ. ಒಗೆಯುವಾಗ ಕಂಫರ್ಟ್‌ನಂಥ ಮೆದುಗೊಳಿಸುವ ದ್ರವ ಮಾತ್ರ ಹಾಕಬೇಡಿ, ಅದೂ ಒಂದು ಪೊರೆಯೇ. ಎಷ್ಟು ಉಳಿದಿದೆ ಅಂತ ಖಚಿತ ಬೇಕಿದ್ದರೆ ಜವಳಿ ಪ್ರಯೋಗಾಲಯದಲ್ಲಿ 0ರಿಂದ 8ರವರೆಗೆ ಅಂಕ ಕೊಡುವ ಎಣ್ಣೆ ಪರೀಕ್ಷೆ ಇದೆ. ಒಂದೆರಡು ಏಪ್ರನ್ನಿಗೆ ಅದು ಬೇಡ, ದೊಡ್ಡ ಆರ್ಡರಿಗೆ ಮಾತ್ರ.

ಲಕ್ಷಣ: ಹನಿ ಗುಂಡಗಿದೆ, ಆದರೆ ಉರುಳುವುದಿಲ್ಲ

ಗಾಜನ್ನು ತಲೆಕೆಳಗು ಮಾಡಿದರೂ ಹನಿ ನೇತಾಡುತ್ತಿದೆಯೆಂದರೆ ನೀರು ಗುಡ್ಡದ ತುದಿಯ ಮೇಲಿಲ್ಲ, ಕಣಿವೆಗೆ ಇಳಿದಿದೆ. ಸಂದಿನ ಗಾಳಿ ಹೋಗಿ ಅಲ್ಲಿ ನೀರು ತುಂಬಿದೆ.

ಯಾವಾಗ ಆಗುತ್ತದೆ? ಇಡ್ಲಿ ಪಾತ್ರೆಯ ಹಬೆ ದಿನವಿಡೀ ತಾಗುವ ಗೋಡೆಯಲ್ಲಿ, ಚಳಿಗಾಲದ ಇಬ್ಬನಿಯಲ್ಲಿ ರಾತ್ರಿಯೆಲ್ಲ ಹೊರಗಿದ್ದ ಗಾಡಿಯ ಗಾಜಿನಲ್ಲಿ, ಪ್ರೆಶರ್ ವಾಷರ್ ಹತ್ತಿರ ಹಿಡಿದು ಹೊಡೆದ ತಗಡಿನಲ್ಲಿ. ಮೇಲಿನಿಂದ ಬಿದ್ದ ಹನಿ ಗುಡ್ಡದ ತುದಿಯಲ್ಲೇ ನಿಲ್ಲುತ್ತದೆ, ಹಬೆ ಮತ್ತು ಇಬ್ಬನಿ ಮಾತ್ರ ಕಣಿವೆಯೊಳಗೇ ಹುಟ್ಟುತ್ತವೆ.

ಪರೀಕ್ಷೆಯೇ ಪರಿಹಾರ: ಬಿಸಿಲಿಗಿಡಿ, ಇಲ್ಲವೇ ಡ್ರೈಯರಿನಿಂದ ಒಣಗಿಸಿ. ಮತ್ತೆ ಉರುಳಿದರೆ ಲೇಪನಕ್ಕೇನೂ ಆಗಿಲ್ಲ. ಒಣಗಿದರೂ ಉರುಳದೆ, ಹನಿಯೂ ಮೊದಲಿಗಿಂತ ಚಪ್ಪಟೆಯಾಗಿದ್ದರೆ ಗುಡ್ಡಗಳೇ ಸವೆದಿವೆ. ನುಣುಪಾದ ಜಾಗಕ್ಕೆ ಎಷ್ಟೇ ಫ್ಲೋರಿನ್ ಇದ್ದರೂ ನೀರಿನ ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ (ಹೆಚ್ಚಿದಷ್ಟೂ ಹನಿ ಗುಂಡಗೆ) ಸುಮಾರು 120 ಡಿಗ್ರಿಗೆ ನಿಂತುಬಿಡುತ್ತದೆ, 150 ದಾಟಬೇಕಾದರೆ ಒರಟು ಬೇಕೇ ಬೇಕು. ಬಿಸಿ ಚಹಾ, ಬಿಸಿ ಸಾರು ಮಾತ್ರ ಅಂಟುತ್ತಿದ್ದರೆ ಅದು ದೋಷವಲ್ಲ. ಬಿಸಿ ಹೆಚ್ಚಿದಂತೆ ನೀರಿನ ಸೆಳೆತ ಇಳಿಯುತ್ತದೆ, ಜೊತೆಗೆ ಹಬೆಯೂ ಒಳಗಿಳಿಯುತ್ತದೆ.

ಲಕ್ಷಣ: ಬಿಳಿ ಉಂಗುರ, ಬಿಳಿ ಮಬ್ಬು

ಉಂಗುರ ಬೇರೆ, ಮಬ್ಬು ಬೇರೆ.

ಉಂಗುರ ನಮ್ಮ ಬೋರ್ ನೀರಿನ ಉಡುಗೊರೆ. ಲೇಪನವಿಲ್ಲದ ಗಾಜಿನಲ್ಲಿ ನೀರು ಹರಡಿ ತೆಳ್ಳಗೆ ಒಣಗುತ್ತದೆ, ಸುಣ್ಣವೂ ತೆಳ್ಳಗೆ ಹರಡುತ್ತದೆ. ಲೇಪನವಿದ್ದಲ್ಲಿ ಮಣಿಯಾಗಿ ನಿಂತ ಹನಿ ಬಿಸಿಲಿಗೆ ಒಣಗಿ, ಇದ್ದ ಸುಣ್ಣವನ್ನೆಲ್ಲ ಒಂದೇ ಬಿಂದುವಿನಲ್ಲಿ ಬಿಟ್ಟುಹೋಗುತ್ತದೆ. "ಕೋಟಿಂಗ್ ಮಾಡಿಸಿದ ಮೇಲೇ ಕಲೆ ಜಾಸ್ತಿ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಒಂದು ಪಾಲು ಬಿಳಿ ವಿನಿಗರಿಗೆ ನಾಲ್ಕು ಪಾಲು ನೀರು ಬೆರೆಸಿ ಒದ್ದೆ ಬಟ್ಟೆ ಐದು ನಿಮಿಷ ಹಾಸಿಟ್ಟು ಜಾಲಿಸಿ. ಟೈಲ್ಸ್ ತೊಳೆಯುವ ಆ್ಯಸಿಡ್ ಬೇಡ. ಮುಂದಕ್ಕೆ, ತೊಳೆದ ಕೂಡಲೇ ವೈಪರ್ ಎಳೆಯಿರಿ.

ಮಬ್ಬು ಮೊದಲ ದಿನದಿಂದಲೇ ಇದ್ದರೆ ಹಚ್ಚಿದವರ ಕೈ ದಪ್ಪವಾಗಿದೆ. ಕಣಗಳು ಗುಂಪುಗೂಡಿ ಬೆಳಕಿನ ಅಲೆಯುದ್ದದ ಹತ್ತಿರಕ್ಕೆ, ಅಂದರೆ 400ರಿಂದ 700 ನ್ಯಾನೋಮೀಟರಿನಷ್ಟು ದಪ್ಪಗಾದರೆ ಬೆಳಕು ಚದುರಿ ಹಾಲು ಬಣ್ಣ ಕಾಣುತ್ತದೆ. ಗೋಡೆಗಾದರೆ ಪರವಾಗಿಲ್ಲ, ಗಾಡಿಯ ಮುಂಗಾಜಿಗೆ ಬೇಡವೇ ಬೇಡ. ರಾತ್ರಿ ಎದುರು ಲಾರಿಯ ದೀಪ ಬಿದ್ದರೆ ಕಣ್ಣು ಕೋರೈಸುತ್ತದೆ. ಅಂಥ ಗಾಡಿ ಓಡಿಸುವ ಮುಂಚೆ ತೆಗೆಸಿ.

ಚಿತ್ರದುರ್ಗದ ಕಡೆ ಸೋಲಾರ್ ಫಲಕಕ್ಕೆ ಹಚ್ಚಿಸಿದವರ ದೂರು ಒಂದೇ: ಧೂಳು ಹೋಗುತ್ತಿಲ್ಲ. ಧೂಳನ್ನು ಹೊತ್ತೊಯ್ಯುವುದು ಉರುಳುವ ನೀರು, ಲೇಪನವಲ್ಲ. ಮಳೆಯಿಲ್ಲದ ತಿಂಗಳಲ್ಲಿ ನೀವೇ ನೀರು ಬಿಡಬೇಕು.

ಲಕ್ಷಣ: ಬೆರಳಿಗೆ ಬಿಳಿ ಪುಡಿ, ಅಥವಾ ಸಿಪ್ಪೆ

ಸೆಲ್ಲೋ ಟೇಪ್ ಒತ್ತಿ ಹಚ್ಚಿ ಕಿತ್ತು, ಕಪ್ಪು ಕಾಗದದ ಮೇಲೆ ಅಂಟಿಸಿ ನೋಡಿ. ಟೇಪಿನಲ್ಲಿ ಬರೀ ಪುಡಿ ಬಂದರೆ ಮೇಲುಮೇಲಿನ ಹೆಚ್ಚುವರಿ ಕಣ. ಹೊಸದರಲ್ಲಿ ಒಂದೆರಡು ಸಲ ಬರುತ್ತದೆ, ಆಮೇಲೂ ಹನಿ ಉರುಳುತ್ತಿದ್ದರೆ ಸುಮ್ಮನಿರಿ. ಪುಡಿ ಬರುತ್ತಲೇ ಇದ್ದರೆ ಅಂಟು ಒಣಗಿದ ಮೇಲೆ ಕಣ ಹೊಡೆದಿದ್ದಾರೆ, ಅವು ಊರಿಲ್ಲ. ತಿರುಗಾಮುರುಗಾ ತಪ್ಪೂ ಉಂಟು: ಅಂಟು ತೀರಾ ಹಸಿಯಿರುವಾಗಲೇ ಹೊಡೆದರೆ ಕಣಗಳೆಲ್ಲ ಅದರೊಳಗೆ ಮುಳುಗುತ್ತವೆ. ಆಗ ಪುಡಿಯೂ ಇಲ್ಲ, ಗುಣವೂ ಇಲ್ಲ, ಮೊದಲ ದಿನದಿಂದಲೇ ಹನಿ ಅಂಟುತ್ತದೆ. ಬೆರಳು ತಾಗಿದರೆ ಅಂಟಬೇಕು, ಎಳೆದರೆ ದಾರ ಬರಬಾರದು. ಆ ಹದದಲ್ಲೇ ಹೊಡೆಯಬೇಕು.

ಸಿಪ್ಪೆ ಹಾಳೆಯಂತೆ ಎದ್ದು ಕೆಳಗಿನ ಟೈಲ್ಸ್ ಕಂಡರೆ ಅಡಿಪಾಯ ಕೆಟ್ಟಿದೆ: ಜಿಡ್ಡಿನ ಮೇಲೆ ಹಚ್ಚಿದ್ದು, ತೇವದ ಗೋಡೆ, ಅಥವಾ ಕುದುರಲು ಒಂದು ದಿನವೂ ಕೊಡದೆ ಒಲೆ ಹೊತ್ತಿಸಿದ್ದು. ಇಲ್ಲಿ ನಿಮ್ಮ ರಿಪೇರಿ ನಿಲ್ಲಿಸಿ. ತೇಪೆ ಹಾಕಿದರೆ ಅಂಚಿನಿಂದ ಮತ್ತೆ ಏಳುತ್ತದೆ. ಒಣದಾಗಿ ಮರಳು ಕಾಗದ ಹಾಕಿ ಕೆರೆಯಲೇಬೇಡಿ, ಆ ಪುಡಿ ಉಸಿರಿನೊಳಗೆ ಹೋಗುವಷ್ಟು ಸಣ್ಣದು. ಒದ್ದೆ ಮಾಡಿಯೇ ತೆಗೆಯಬೇಕು.

ಪೂರ್ತಿ ಗೋಡೆ ಸರಿಯಿದ್ದು ಒಂದೇ ಪಟ್ಟಿ ಹೋಗಿದ್ದರೆ ಅಲ್ಲಿ ನಿಂತು ನೋಡಿ, ಯಾರದೋ ಮೊಣಕೈ ಅಥವಾ ಯಾವುದೋ ಡಬ್ಬಿಯ ಅಂಚು ತಿಕ್ಕುತ್ತಿರುತ್ತದೆ.

ಹಂಚಿಗೆ ಹಚ್ಚಬಹುದಾ?

ದಾವಣಗೆರೆಯಲ್ಲಿ ಈ ಪ್ರಶ್ನೆ ಕೇಳದ ಹೋಟೆಲಿನವರಿಲ್ಲ. ಇಲ್ಲ. ದೋಸೆ ಹಂಚಿಗೂ ಬಾಣಲೆಗೂ ಆಹಾರ ತಾಗುವ ಯಾವುದಕ್ಕೂ ಈ ಲೇಪನ ಬೇಡ. ಸೌದೆ ಒಲೆಯ ಶಾಖಕ್ಕೆ ಮಿತಿಯಿಲ್ಲ. ಫ್ಲೋರಿನ್ ತೊಗಲು ಸುಟ್ಟರೆ ಬರುವ ಹೊಗೆ ವಿಷ, ಕಣಗಳು ದೋಸೆಗೇ ಅಂಟಿ ಬರುತ್ತವೆ. ಬೆಣ್ಣೆ ಹಾಕುವ ದೋಸೆಗೆ ಹಂಚು ಅಂಟುತ್ತದೆ ಅಂದರೆ ದೋಷ ಹಂಚನ್ನು ಪಳಗಿಸುವುದರಲ್ಲಿದೆ. ಒಲೆ ಹತ್ತಿರದ ಲೇಪಿತ ಟೈಲ್ಸ್ ಕಂದಾಗಿ ಸುಟ್ಟ ವಾಸನೆ ಬಂದರೆ ಒಲೆ ಆರಿಸಿ, ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ. ಆ ಜಾಗದಲ್ಲಿ ಮತ್ತೆ ಲೇಪನ ಹಾಕಿಸಬೇಡಿ, ತಗಡು ಹಾಕಿಸಿ.

ನೀವೇ ಮತ್ತೆ ಹಚ್ಚುವುದಾದರೆ

ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಡಬ್ಬಿ ಬೇಡ. 2006ರಲ್ಲಿ ಜರ್ಮನಿಯಲ್ಲಿ ‘ನ್ಯಾನೋ’ ಹೆಸರಿನ ಸ್ನಾನಗೃಹದ ಸ್ಪ್ರೇ ಬಳಸಿದ ನೂರರ ಸುಮಾರು ಜನಕ್ಕೆ ಉಸಿರಾಟದ ತೊಂದರೆಯಾಯಿತು, ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದರು. ಪರೀಕ್ಷಿಸಿದರೆ ಆ ಡಬ್ಬಿಯಲ್ಲಿ ನ್ಯಾನೋ ಕಣಗಳೇ ಇರಲಿಲ್ಲ. ನೀರು ತಡೆಯುವ ರಸಾಯನ ಮಂಜಿನಂತೆ ಶ್ವಾಸಕೋಶದ ಆಳಕ್ಕೆ ಇಳಿದರೆ ಅಷ್ಟೇ ಸಾಕು ಅಪಾಯಕ್ಕೆ. ಬಟ್ಟೆಯಿಂದ ಒರೆಸಿ ಹಚ್ಚುವ ಬಗೆ ಸಿಕ್ಕರೆ ಅದನ್ನೇ ಆರಿಸಿ. ಸ್ಪ್ರೇ ಮಾಡಲೇಬೇಕಿದ್ದರೆ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಆವಿ ಮತ್ತು ಕಣ ಎರಡನ್ನೂ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿ. ಕರ್ಚೀಫು ಯಾವ ಲೆಕ್ಕಕ್ಕೂ ಇಲ್ಲ.

ದ್ರಾವಕ ಹೆಚ್ಚಾಗಿ ಎಥನಾಲ್ ಇರುತ್ತದೆ. ನಮ್ಮ ಊರಿನ ಮಾಮೂಲಿ ಬಿಸಿಲಿನಲ್ಲೇ ಅದರ ಆವಿ ಒಂದು ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಒಲೆ, ಭಟ್ಟಿ, ಬೀಡಿ, ಪೈಲಟ್ ದೀಪ ಎಲ್ಲ ಆರಿರಬೇಕು, ಪಕ್ಕದ ಅಂಗಡಿಯದೂ ಸೇರಿ. ಉಳಿದ ದ್ರವವನ್ನು ಚರಂಡಿಗೆ ಸುರಿಯಬೇಡಿ.

ಹಚ್ಚಿದ ಮೇಲೆ ಕೆಮ್ಮು, ಎದೆ ಬಿಗಿತ, ಏದುಸಿರು, ಜ್ವರ ಬಂದರೆ, ಅದೂ ಕೆಲವು ತಾಸಿನ ಮೇಲೆ ಬಂದರೂ, ಕಾಯಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಜೊತೆಗೊಯ್ಯಿರಿ. ಡಾಕ್ಟರಿಗೆ ಮೊದಲು ಬೇಕಾಗುವುದು ಅದರ ಮೇಲಿನ ಬರಹ.

ಹಚ್ಚಿದವರನ್ನು ಕರೆಸುವಾಗ

"ಹೋಯ್ತು" ಅಂದರೆ ನನಗೇನೂ ತಿಳಿಯುವುದಿಲ್ಲ. ಸಾಕ್ಷಿ ಮೂಲೆಯಲ್ಲೂ ಕೆಟ್ಟ ಜಾಗದಲ್ಲೂ ಒಂದೊಂದು ನೀರಿನ ಹನಿ, ಒಂದೊಂದು ಎಣ್ಣೆ ಹನಿ ಬಿಟ್ಟು, ಮೊಬೈಲನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಫೋಟೋ ತೆಗೆಯಿರಿ. ಮೇಲಿನಿಂದ ತೆಗೆದರೆ ಎಲ್ಲ ಹನಿಯೂ ಗುಂಡಗೇ ಕಾಣುತ್ತದೆ. ಯಾವುದರಿಂದ ತೊಳೆಯುತ್ತೀರಿ, ಯಾವ ನೀರು, ಎಂದು ಹಚ್ಚಿಸಿದ್ದು, ಎಂದಿನಿಂದ ಅಂಟುತ್ತಿದೆ ಎಂದು ಎರಡು ಸಾಲು ಬರೆಯಿರಿ. ಸೋಡಾ ಹಾಕಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಟೈಲ್ಸ್ ನೋಡಿದರೆ ಹೇಗೂ ಗೊತ್ತಾಗುತ್ತದೆ.